ಮನೆಯ ಕೊಳಚೆ ನೀರಿಗೆ ಜೊಂಡು ನೆಟ್ಟ ಜಲ್ಲಿ ಹಾಸು: ಮಲೆನಾಡಿನ ಮಳೆಯಲ್ಲಿ ಇದು ನಡೆಯುತ್ತದೆಯೇ?

ಪ್ರಶ್ನೆ: ತೋಟದಮನೆ (ಶಿರಸಿ ಸೀಮೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಅಡಿಕೆ ತೋಟದ ಮೇಲ್ಭಾಗದ ಇಳಿಜಾರಿನಲ್ಲಿದೆ. ಮನೆಯಲ್ಲಿ ಎಂಟು ಜನರಿದ್ದೇವೆ. ಬಚ್ಚಲು, ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಕಲ್ಲಿನ ನೀರು ತೆರೆದ ಕಾಲುವೆಯಲ್ಲಿ ಹರಿದು ಹಿತ್ತಲಿನ ಬಾಳೆ ಮತ್ತು ಕೆಸುವಿನ ಬುಡ ಸೇರುತ್ತದೆ. ಶೌಚಾಲಯದ ನೀರು ಸೆಪ್ಟಿಕ್ ಟ್ಯಾಂಕಿಗೆ ಹೋಗಿ, ಅಲ್ಲಿಂದ ಚಿರೆಕಲ್ಲಿನ ನೆಲದಲ್ಲಿ ತೋಡಿದ ಇಂಗುಗುಂಡಿಗೆ ಬೀಳುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನೆಲವೆಲ್ಲ ನೀರುಂಡು ತಣಿದಿರುವಾಗ ಈ ಗುಂಡಿ ಬಾಯಿಯವರೆಗೆ ತುಂಬಿ ನಿಲ್ಲುತ್ತದೆ. ಅದರ ಕೆಳಗಿನ ಮಗ್ಗುಲಿಗೆ, ಸುಮಾರು 20 ಮೀಟರ್ ದೂರದಲ್ಲಿ, ಕುಡಿಯುವ ನೀರಿನ ಬಾವಿ ಇದೆ. ಕಳೆದ ಮಳೆಗಾಲದ ಕೊನೆಯಲ್ಲಿ ಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟಾಗ ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇರುವುದು ತಿಳಿಯಿತು. ಅಂದಿನಿಂದ ನೀರನ್ನು ಕುದಿಸಿಯೇ ಕುಡಿಯುತ್ತಿದ್ದೇವೆ, ಆದರೆ ಇದನ್ನು ಪರಿಹಾರವೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ.

ಜಲ್ಲಿ ತುಂಬಿದ ತೊಟ್ಟಿಯಲ್ಲಿ ಜೊಂಡು, ಕಾಬಾಳೆ ಮೊದಲಾದ ಗಿಡಗಳನ್ನು ನೆಟ್ಟು ಅದರ ಮೂಲಕ ಕೊಳಚೆ ನೀರನ್ನು ಹಾಯಿಸಿ ಶುದ್ಧಗೊಳಿಸುವ ನಿರ್ಮಿತ ಜೌಗಿನ ವಿಧಾನವನ್ನು ಕುರಿತು ಓದಿದ್ದೇನೆ. ಇಂಗುಗುಂಡಿಯ ಬದಲು ಇದನ್ನು ಮಾಡಬಹುದೇ, ಮಾಡುವುದಾದರೆ ಎಂಟು ಜನರ ಮನೆಗೆ ಎಷ್ಟು ಜಾಗ ಬೇಕು, ಯಾವ ಗಿಡ ಒಳ್ಳೆಯದು ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಮುಖ್ಯವಾದುದು. ನಾನು ಓದಿದ ಉದಾಹರಣೆಗಳೆಲ್ಲ ಮಳೆ ಕಡಿಮೆ ಬೀಳುವ ಊರುಗಳವು. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕಡೆ ಈ ತೊಟ್ಟಿಯೂ ಇಂಗುಗುಂಡಿಯಂತೆಯೇ ತುಂಬಿ ಉಕ್ಕುವುದಿಲ್ಲವೇ? ಸೊಳ್ಳೆಯ ಕಾಟವನ್ನು ನಾವೇ ಮನೆಯ ಬಾಗಿಲಿಗೆ ತಂದುಕೊಂಡಂತೆ ಆಗುವುದಿಲ್ಲವೇ? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಜಲಮಾರ್ಗ (ಪರಿಸರ ಇಂಜಿನಿಯರ್, ಬೆಂಗಳೂರು)

ಮಾನ್ಯರೇ, ಮೊದಲಿಗೆ ಬಾವಿಯ ವಿಚಾರ. ನೀರನ್ನು ಕುದಿಸಿ ಕುಡಿಯುವುದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಹೊಸ ವ್ಯವಸ್ಥೆ ಕೆಲಸ ಆರಂಭಿಸಿದ ಮೇಲೂ ಒಂದು ಪೂರ್ತಿ ಮಳೆಗಾಲ ಕಳೆದು, ಮತ್ತೆ ಪರೀಕ್ಷೆ ಮಾಡಿಸಿ ನೀರು ಸರಿಯಿದೆ ಎಂದು ಕಂಡುಬರುವವರೆಗೆ ಕುದಿಸುತ್ತಲೇ ಇರಿ. ಇಂಗುಗುಂಡಿಗೂ ಬಾವಿಗೂ 15ರಿಂದ 20 ಮೀಟರ್ ಅಂತರವಿದ್ದರೆ ಸಾಕೆಂಬ ರೂಢಿಯ ಲೆಕ್ಕವು ನೀರು ನಿಧಾನವಾಗಿ ಸೋಸಿ ಇಳಿಯುವ ಮಣ್ಣಿಗೆ ಹೊಂದುತ್ತದೆ. ಚಿರೆಕಲ್ಲಿನ ನೆಲದಲ್ಲಿ ಸಂದು ಮತ್ತು ಕೊಳವೆಯಂಥ ರಂಧ್ರಗಳು ಇರುವುದರಿಂದ ನೀರು ಸೋಸದೆಯೇ ಬಹುದೂರ ಸಾಗಬಲ್ಲದು. ಅಂತರ್ಜಲ ಮೇಲೆದ್ದು ಗುಂಡಿಯ ತಳವನ್ನೇ ಮುಟ್ಟಿರುವ ಮಳೆಗಾಲದಲ್ಲಂತೂ ಗುಂಡಿಗೂ ಬಾವಿಗೂ ನಡುವೆ ತಡೆಯೇ ಇಲ್ಲವೆಂದು ತಿಳಿಯುವುದು ಕ್ಷೇಮ. ಆದ್ದರಿಂದ ನಿಮ್ಮಲ್ಲಿ ಮಾಡುವ ಜಲ್ಲಿ ಹಾಸಿನ ತಳದಲ್ಲಿ ನೀರು ಇಂಗದಂತೆ ಹಾಳೆ ಹಾಸಲೇಬೇಕು, ಹೊರಬರುವ ನೀರನ್ನು ಬಾವಿಯ ಮಗ್ಗುಲಿಗೆ ಬಿಡದೆ ಬೇರೆ ದಿಕ್ಕಿಗೆ ಒಯ್ಯಬೇಕು. ಇವೆರಡೂ ಆಗದಿದ್ದರೆ ಗಿಡ ನೆಟ್ಟು ಪ್ರಯೋಜನವಿಲ್ಲ.

ಈ ವಿಧಾನ ಹೊಸದಲ್ಲ. ಜರ್ಮನಿಯಲ್ಲಿ ಕೇಟೆ ಝೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲೇ ಜೊಂಡಿನ ಜಾತಿಯ ಗಿಡಗಳಿಂದ ಕೊಳಚೆ ನೀರನ್ನು ತಿಳಿಗೊಳಿಸುವ ಪ್ರಯೋಗಗಳನ್ನು ಆರಂಭಿಸಿದರು. ನಮ್ಮ ದೇಶದಲ್ಲಿ ಉಜ್ಜಯಿನಿಯ ರವೀಂದ್ರನಗರದಲ್ಲಿ 1990ರ ದಶಕದಲ್ಲೇ ಇಂಥ ಹಾಸನ್ನು ನಿರ್ಮಿಸಿ ಅದರ ಫಲಿತಾಂಶಗಳನ್ನು ಪ್ರಕಟಿಸಿದ್ದಾರೆ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಶೌಚಗುಂಡಿ ಹೂಳಿನ ಸಂಸ್ಕರಣಾ ಘಟಕದಲ್ಲಿಯೂ ಹೂಳಿನಿಂದ ಬಸಿದ ನೀರು ಕೊನೆಗೆ ಗಿಡ ನೆಟ್ಟ ಜಲ್ಲಿ ಹಾಸಿನ ಮೂಲಕವೇ ಹಾದು ಹೋಗುತ್ತದೆ.

ಗಿಡಗಳೇ ಕೊಳೆಯನ್ನು ಹೀರಿ ನೀರನ್ನು ಶುದ್ಧಮಾಡುತ್ತವೆ ಎಂಬ ನಂಬಿಕೆ ಬಹಳ ಜನರಲ್ಲಿದೆ, ಅದು ಪೂರ್ತಿ ನಿಜವಲ್ಲ. ಕೆಲಸದ ಬಹುಪಾಲನ್ನು ಜಲ್ಲಿಯ ಮೇಲ್ಮೈಯಲ್ಲಿ ಲೋಳೆಯಂತೆ ಕಟ್ಟಿಕೊಳ್ಳುವ ಬ್ಯಾಕ್ಟೀರಿಯಾಗಳು ಮಾಡುತ್ತವೆ. ನೀರು ಜಲ್ಲಿಯ ಸಂದುಗಳಲ್ಲಿ ನಿಧಾನವಾಗಿ ಸಾಗುವಾಗ ಕಣಗಳು ತಂಗುತ್ತವೆ, ಕರಗಿದ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಗಿಡಗಳ ಬೇರುಗಳು ಆ ಜೀವಿಗಳಿಗೆ ಇನ್ನಷ್ಟು ನೆಲೆ ಒದಗಿಸುತ್ತವೆ, ಸ್ವಲ್ಪ ಆಮ್ಲಜನಕವನ್ನು ಕೆಳಗಿಳಿಸುತ್ತವೆ, ಸಾರಜನಕ ಮತ್ತು ರಂಜಕದ ಒಂದು ಸಣ್ಣ ಪಾಲನ್ನು ಎಳೆದುಕೊಳ್ಳುತ್ತವೆ. ಹೀಗಾಗಿ ಯಾವ ಗಿಡ ಎಂಬುದಕ್ಕಿಂತ, ಹಾಸಿನೊಳಗೆ ಬರುವ ನೀರು ಎಷ್ಟು ತಿಳಿಯಾಗಿದೆ ಮತ್ತು ಅದು ಒಳಗೆ ಎಷ್ಟು ಹೊತ್ತು ಇರುತ್ತದೆ ಎಂಬುದೇ ಫಲವನ್ನು ನಿರ್ಧರಿಸುತ್ತದೆ. ಕೆರೆಯಂಚಿನ ಆಪು, ಜೊಂಡು, ಹಿತ್ತಲಿನ ಕಾಬಾಳೆ, ಕೆಸು, ಇವುಗಳಲ್ಲಿ ನಿಮ್ಮ ಸುತ್ತಮುತ್ತ ತಾನಾಗಿ ಬೆಳೆಯುವುದನ್ನು ತಂದು ನೆಡಿ.

ಈಗ ಅಳತೆ. ತಲೆಗೆ ದಿನಕ್ಕೆ 100 ಲೀಟರಿನಂತೆ ಹಿಡಿದರೆ ಎಂಟು ಜನರಿಂದ 800 ಲೀಟರ್. ಚೆನ್ನಾಗಿ ಕೆಲಸ ಮಾಡುವ ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರಿನಲ್ಲಿ ಬಿಓಡಿ, ಎಂದರೆ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ, ಲೀಟರಿಗೆ 150 ಮಿಲಿಗ್ರಾಂ ಇದೆಯೆಂದು ಇಟ್ಟುಕೊಳ್ಳೋಣ, ಅದನ್ನು 30ಕ್ಕೆ ಇಳಿಸಬೇಕು ಎನ್ನೋಣ. ನೀರು ಅಡ್ಡಲಾಗಿ ಹರಿಯುವ ಹಾಸಿಗೆ ಬಳಸುವ ಸೂತ್ರದಲ್ಲಿ ದಿನದ ನೀರನ್ನು ಈ ಎರಡು ಬೆಲೆಗಳ ಅನುಪಾತದ ಸ್ವಾಭಾವಿಕ ಲಾಗರಿದಮ್ಮಿನಿಂದ (ln) ಗುಣಿಸಿ, ಕೊಳೆ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ತೋರಿಸುವ, ದಿನಕ್ಕೆ 0.1 ಮೀಟರಿನಿಂದ 0.15 ಮೀಟರ್ ಎಂಬ ವೇಗಾಂಕದಿಂದ ಭಾಗಿಸುತ್ತಾರೆ. ಚಳಿ ದೇಶಗಳಲ್ಲಿ ಚಿಕ್ಕ ಬೆಲೆ, ನಮ್ಮಂಥ ಬೆಚ್ಚನೆಯ ಕಡೆ ದೊಡ್ಡ ಬೆಲೆ. ಉತ್ತರ 9ರಿಂದ 13 ಚದರ ಮೀಟರ್ ಬರುತ್ತದೆ. 4 ಮೀಟರ್ ಉದ್ದ, 3 ಮೀಟರ್ ಅಗಲ ಮಾಡಿದರೆ 12 ಚದರ ಮೀಟರ್ ಆಯಿತು. ನೀರಿನ ಆಳ 60 ಸೆಂಟಿಮೀಟರ್ ಇದ್ದು, ಜಲ್ಲಿಯ ನಡುವಿನ ಸಂದು ಸುಮಾರು ನೂರಕ್ಕೆ 38 ಎಂದು ಹಿಡಿದರೆ ಒಳಗೆ 2,700 ಲೀಟರ್ ನೀರು ಹಿಡಿಸುತ್ತದೆ. ಅಂದರೆ ಒಂದು ದಿನ ಒಳಹೋದ ನೀರು ಹೊರಬರಲು ಮೂರು ದಿನಕ್ಕಿಂತ ಸ್ವಲ್ಪ ಹೆಚ್ಚು ಸಮಯ ಬೇಕು. ಇದು ಸಾಕಷ್ಟಾಯಿತು.

ಸೊಳ್ಳೆಯ ವಿಚಾರದಲ್ಲಿ ಭಯ ಬೇಡ. ನೀರಿನ ಮಟ್ಟವು ಜಲ್ಲಿಯ ಮೇಲ್ಮೈಗಿಂತ 10 ಸೆಂಟಿಮೀಟರ್ ಕೆಳಗೇ ಇರಬೇಕು; ಸೊಳ್ಳೆಗೆ ಮೊಟ್ಟೆಯಿಡಲು ತೆರೆದ ನೀರೇ ಸಿಗುವುದಿಲ್ಲ. ಜಲ್ಲಿಯ ಮೇಲೆ ನೀರು ಕಾಣಿಸಿಕೊಂಡರೆ ಎಲ್ಲೋ ಕಟ್ಟಿಕೊಂಡಿದೆ ಎಂದೇ ಅರ್ಥ.

ಮಳೆಯ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಹೆಚ್ಚಿನವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ 12 ಚದರ ಮೀಟರ್ ಹಾಸಿನ ಮೇಲೆ ನೇರವಾಗಿ ಬೀಳುವ ನೀರೇ 1,200 ಲೀಟರ್, ಅಂದರೆ ಮನೆಯ ನೀರಿನ ಒಂದೂವರೆ ಪಟ್ಟು. ಅಂಥ ದಿನ ನೀರು ಒಳಗೆ ನಿಲ್ಲುವ ಅವಧಿ ಒಂದೂ ಕಾಲು, ಒಂದೂವರೆ ದಿನಕ್ಕೆ ಇಳಿಯುತ್ತದೆ. ಕೊಳೆಯೂ ಅಷ್ಟೇ ತೆಳುವಾಗುವುದರಿಂದ ಬಿಓಡಿಯ ಮಟ್ಟಿಗೆ ಇದು ದೊಡ್ಡ ತೊಂದರೆಯಲ್ಲ, ಆದರೆ ರೋಗಾಣುಗಳ ಮಟ್ಟಿಗೆ ನಿಲ್ಲುವ ಅವಧಿ ಮುಖ್ಯವೇ. ಹಾಸನ್ನು ಹಾಳುಮಾಡುವುದು ಮೇಲಿಂದ ಬೀಳುವ ಮಳೆಗಿಂತ ಹೆಚ್ಚಾಗಿ ಮಾಡಿನ ನೀರು, ಅಂಗಳದ ನೀರು ಮತ್ತು ಇಳಿಜಾರಿನಿಂದ ಮಣ್ಣು ಹೊತ್ತು ಬರುವ ಕೆಂಪು ನೀರು. ತೊಟ್ಟಿಯ ಕಟ್ಟೆಯನ್ನು ನೆಲಮಟ್ಟದಿಂದ ಕನಿಷ್ಠ 20 ಸೆಂಟಿಮೀಟರ್ ಎತ್ತರಿಸಿ, ಮೇಲಿನ ಮಗ್ಗುಲಿಗೆ ಒಂದು ಬಸಿಗಾಲುವೆ ತೆಗೆದು, ಹೊರಕೊಳವೆಯನ್ನು ಒಳಕೊಳವೆಗಿಂತ ದಪ್ಪವಾಗಿ ಇಟ್ಟರೆ ಆಗಸ್ಟ್ ತಿಂಗಳನ್ನು ಇದು ದಾಟಬಲ್ಲದು.

ಉತ್ತರ: ಅಳಿವೆ (ಕುಮಟಾ ಕಡೆ)

ಇಷ್ಟೆಲ್ಲ ಖರ್ಚು ಅಗತ್ಯವೇ ಎಂಬ ನನ್ನ ಸಂದೇಹವನ್ನು ಹೇಳಿಬಿಡುತ್ತೇನೆ. ನಮ್ಮ ಹಿರಿಯರು ಬಚ್ಚಲ ನೀರನ್ನು ಬಾಳೆಗೆ, ಕೆಸುವಿಗೆ, ತೆಂಗಿಗೆ ಬಿಟ್ಟು ತಲೆಮಾರುಗಳೇ ಕಳೆದಿವೆ, ಅದರಿಂದ ಯಾರಿಗೂ ಕೇಡಾಗಲಿಲ್ಲ. ಕೇಡು ಇರುವುದು ಶೌಚಾಲಯದ ನೀರಿನಲ್ಲಿ. ಎಂಟು ಜನರ ಶೌಚಾಲಯದ ನೀರು ಮಾತ್ರವಾದರೆ ಅದು ಒಟ್ಟು ನೀರಿನ ನಾಲ್ಕನೆಯ ಒಂದು ಪಾಲೂ ಇರಲಾರದು. ಎರಡನ್ನೂ ಬೆರೆಸಿ 800 ಲೀಟರನ್ನು ಹಾಳುಮಾಡಿ, ಆಮೇಲೆ ಅಷ್ಟನ್ನೂ ಶುದ್ಧಗೊಳಿಸಲು ಹೊರಡುವುದು ನನಗೆ ಸರಿಕಾಣುವುದಿಲ್ಲ. ಶೌಚಾಲಯಕ್ಕೆ ಬಾವಿಯಿಂದ ದೂರದ, ಎತ್ತರದ ಜಾಗದಲ್ಲಿ ಒಂದಾದ ಮೇಲೊಂದು ಬಳಸುವ ಎರಡು ಗುಂಡಿಗಳನ್ನು ಮಾಡಿ, ಬಚ್ಚಲ ನೀರನ್ನು ಇದ್ದಂತೆಯೇ ಬಿಡಿ ಎಂಬುದು ನನ್ನ ಸಲಹೆ. ಜಲ್ಲಿ, ಹಾಳೆ, ಮೇಸ್ತ್ರಿಯ ಕೂಲಿ ಎಲ್ಲ ಸೇರಿಸಿ ಆಗುವ ವೆಚ್ಚವನ್ನು ಬಾವಿಯ ಕಟ್ಟೆ ಎತ್ತರಿಸಲು, ಮೇಲಿನ ಕೆಲವು ಅಡಿಗಳಿಗೆ ಒಳಗಿನಿಂದ ಗಾರೆ ಮಾಡಿಸಲು ಬಳಸಿದರೆ ಫಲ ಬೇಗ ಕಾಣಿಸುತ್ತದೆ.

ಉತ್ತರ: ಜಲಮಾರ್ಗ

ಅಳಿವೆಯವರ ಮಾತಿನಲ್ಲಿ ಬಹುಪಾಲು ಸತ್ಯವಿದೆ. ಎರಡು ಬಗೆಯ ನೀರನ್ನು ಬೆರೆಸಬಾರದೆಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಬಾವಿಯ ಕಟ್ಟೆ ಮತ್ತು ಗಾರೆಯ ಕೆಲಸವನ್ನು ಹೇಗಿದ್ದರೂ ಮಾಡಿಸಿ. ಆದರೆ ಎರಡು ಗುಂಡಿಗಳ ಶೌಚಾಲಯವು ಗುಂಡಿಯ ತಳದಿಂದ ಅಂತರ್ಜಲ ಸಾಕಷ್ಟು ಕೆಳಗಿರುವ ನೆಲಕ್ಕೆಂದು ರೂಪಿಸಿದ್ದು. ಮಳೆಗಾಲದಲ್ಲಿ ಇಂಗುಗುಂಡಿಯೇ ಬಾಯಿಮಟ್ಟ ತುಂಬುವ ಈ ಜಾಗದಲ್ಲಿ ಎರಡು ಗುಂಡಿ ತೋಡಿದರೂ ಅವು ಬಾವಿಗೆ ಹೋಗುವ ದಾರಿಯ ಎರಡು ಬಾಯಿಗಳಾಗುತ್ತವೆ. ಇಲ್ಲಿ ಸಂಸ್ಕರಣೆ ನೆಲದ ಮೇಲೆ, ತಳ ಮುಚ್ಚಿದ ತೊಟ್ಟಿಯಲ್ಲಿ ಆಗಬೇಕಾದದ್ದು ಇದೇ ಕಾರಣಕ್ಕೆ.

ಬಚ್ಚಲ ನೀರಿನ ವಿಚಾರದಲ್ಲಿಯೂ ಒಂದು ತಿದ್ದುಪಡಿ ಬೇಕು. ಹಿಂದೆ ಸೀಗೆ, ಬೂದಿ, ಕಡಲೆಹಿಟ್ಟಿನ ನೀರು ಹೋಗುತ್ತಿದ್ದ ಕಾಲುವೆಯಲ್ಲಿ ಇಂದು ಬಟ್ಟೆ ಪುಡಿ, ಪಾತ್ರೆ ತೊಳೆಯುವ ದ್ರಾವಣ, ಚಿಕ್ಕ ಮಕ್ಕಳ ಮಲದ ಬಟ್ಟೆ ತೊಳೆದ ನೀರು ಎಲ್ಲವೂ ಹೋಗುತ್ತಿವೆ. ಬಾಳೆಗೆ ಬಿಡುವುದನ್ನು ಮುಂದುವರಿಸಿ, ಆದರೆ ಒಂದೇ ಬುಡಕ್ಕೆ ಬಿಡದೆ ಎರಡು ಮೂರು ಕಡೆ ಸರದಿಯಂತೆ ತಿರುಗಿಸಿ. ನೀರು ನಿಂತು ಕಪ್ಪಾಗುವ ಜಾಗ ಒಂದೂ ಇರಬಾರದು. ಬೆರೆಸದೆ ಶೌಚಾಲಯದ ನೀರನ್ನು ಮಾತ್ರ ಹಾಸಿಗೆ ಬಿಡುವುದಾದರೆ ನೀರಿನ ಪ್ರಮಾಣ ಇಳಿಯುತ್ತದೆ, ಆದರೆ ಕೊಳೆಯ ಸಾಂದ್ರತೆ ಹಲವು ಪಟ್ಟು ಏರುತ್ತದೆ. ಆದುದರಿಂದ ಜಾಗವನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸಲು ಬರುವುದಿಲ್ಲ, ತಲೆಗೆ ಒಂದು ಚದರ ಮೀಟರಿಗಿಂತ ಕಡಿಮೆ ಮಾಡಬೇಡಿ ಎಂದು ಹೇಳುತ್ತೇನೆ.

ಉತ್ತರ: ಹಿರಿಯೂರಿನ ವಸತಿಶಾಲೆ

ಒಂದು ವಸತಿಶಾಲೆಯಲ್ಲಿ ಇಂಥ ಹಾಸಿನ ನಿರ್ವಹಣೆ ನನ್ನ ಹೊಣೆಯಲ್ಲಿದೆ. ಜಲಮಾರ್ಗದವರು ಲೆಕ್ಕವನ್ನು ಸೊಗಸಾಗಿ ಹೇಳಿದ್ದಾರೆ. ನಾನು ದಿನನಿತ್ಯದ ಪಾಲನೆಯನ್ನು ಕುರಿತು ಬರೆಯುತ್ತೇನೆ, ಏಕೆಂದರೆ ಕಟ್ಟಿದ ಮೊದಲ ವರ್ಷ ಚೆನ್ನಾಗಿ ನಡೆದು ಆಮೇಲೆ ಕೆಡುವ ಹಾಸುಗಳೇ ಹೆಚ್ಚು, ಮತ್ತು ಅವು ಕೆಡುವುದು ಗಿಡಗಳಿರುವ ಜಾಗದಲ್ಲಲ್ಲ, ಅದಕ್ಕೂ ಮೊದಲೇ.

ಅಡುಗೆಮನೆಯ ನೀರು ಹಾಸಿಗೆ ಬರುವುದಾದರೆ ಜಿಡ್ಡು ತಡೆಯುವ ಒಂದು ಚಿಕ್ಕ ತೊಟ್ಟಿ ಇರಲೇಬೇಕು. ಅನ್ನದ ಗಂಜಿ, ಎಣ್ಣೆ, ಸಾರಿನ ಚರಟ ಇವು ಜಲ್ಲಿಯ ಸಂದು ಸೇರಿದರೆ ಮೊದಲ ಅರ್ಧ ಮೀಟರಿನಲ್ಲೇ ಕೆಸರಿನ ಗೋಡೆ ಎದ್ದು ನೀರು ಮೇಲಕ್ಕೆ ಬರುತ್ತದೆ. ಆ ತೊಟ್ಟಿಯಲ್ಲಿ ತೇಲುವ ಜಿಡ್ಡನ್ನು ವಾರಕ್ಕೊಮ್ಮೆ ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕು, ಮತ್ತು ಇದು ಯಾರ ಕೆಲಸ ಎಂಬುದು ಮನೆಯಲ್ಲಿ ಮೊದಲೇ ತೀರ್ಮಾನವಾಗಿರಬೇಕು. ನೀರು ಒಳಬರುವ ಕಡೆಯ ಅರ್ಧ ಮೀಟರ್ ಜಾಗಕ್ಕೆ ಮುಷ್ಟಿಯಷ್ಟು ದಪ್ಪದ ಕಲ್ಲುಗಳನ್ನು ತುಂಬಿ, ಉಳಿದ ಕಡೆ 10ರಿಂದ 20 ಮಿಲಿಮೀಟರಿನ ಜಲ್ಲಿಯನ್ನು ಹಾಕಿ. ಜಲ್ಲಿಯನ್ನು ಕ್ರಷರಿನಿಂದ ಬಂದಂತೆಯೇ ಸುರಿಯಬೇಡಿ. ಅದರಲ್ಲಿರುವ ಪುಡಿಯೆಲ್ಲ ತಳದಲ್ಲಿ ಕುಳಿತು ಗಾರೆಯಂತೆ ಗಟ್ಟಿಯಾಗುತ್ತದೆ. ಜರಡಿ ಹಿಡಿದು, ತೊಳೆದು, ತೊಳೆದ ನೀರು ತಿಳಿಯಾಗಿ ಬಂದ ಮೇಲೆ ತುಂಬಿಸಿ. ಮೇಸ್ತ್ರಿಗಳು ಇದನ್ನು ಅನಗತ್ಯ ಕೆಲಸವೆಂದು ಹೇಳುತ್ತಾರೆ, ಒಪ್ಪಬೇಡಿ.

ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನಿನ ಹಾಳೆ ತಳಕ್ಕೆ ಸಾಕಾಗುತ್ತದೆ. ಅದರ ಕೆಳಗೂ ಮೇಲೂ ತೆಳುವಾಗಿ ಮರಳು ಹರಡಿದರೆ ಚಿರೆಕಲ್ಲಿನ ಅಂಚು ತಾಗಿ ಹಾಳೆ ಹರಿದುಹೋಗುವುದಿಲ್ಲ. ಹೊರಕೊಳವೆಯ ಕೊನೆಗೆ ತಿರುಗಿಸಲು ಬರುವಂತೆ ಒಂದು ಎಲ್ಬೋ, ಎಂದರೆ ಮೊಣಕೈಯಂತೆ ಬಾಗಿದ ಕೊಳವೆಯ ತುಂಡು, ಇಡಿಸಿ. ಅದನ್ನು ಬಗ್ಗಿಸಿದರೆ ಹಾಸಿನೊಳಗಿನ ನೀರಿನ ಮಟ್ಟ ಇಳಿಯುತ್ತದೆ, ನೆಟ್ಟಗೆ ಮಾಡಿದರೆ ಏರುತ್ತದೆ. ಗಿಡ ನೆಟ್ಟ ಮೊದಲ ವಾರಗಳಲ್ಲಿ ಮಟ್ಟವನ್ನು ಮೇಲೆಯೇ ಇಟ್ಟು, ಬೇರು ಹಿಡಿದ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿದರೆ ಬೇರುಗಳು ನೀರನ್ನು ಹುಡುಕಿಕೊಂಡು ಕೆಳಗಿಳಿಯುತ್ತವೆ. ನಮ್ಮ ಕಡೆ ಬೇಸಿಗೆಯ ರಜೆಯಲ್ಲಿ ಮಕ್ಕಳು ಊರಿಗೆ ಹೋದಾಗ ನೀರೇ ಇಲ್ಲದೆ ಗಿಡ ಒಣಗುವುದು ದೊಡ್ಡ ಚಿಂತೆ, ನಿಮ್ಮಲ್ಲಿ ಅದು ಇರಲಾರದು. ನಿಮಗೆ ಬರಬಹುದಾದ ತೊಂದರೆ ದರಕು. ಮೇಲಿನ ಮರಗಳಿಂದ ಉದುರುವ ಎಲೆ ಜಲ್ಲಿಯ ಮೇಲೆ ಕೊಳೆತು ಮಣ್ಣಾದರೆ ಮಳೆನೀರು ಅದನ್ನು ಸಂದಿಗೆ ಇಳಿಸುತ್ತದೆ. ಮಳೆ ಹಿಡಿಯುವ ಮೊದಲು ಒಮ್ಮೆ ಪೂರ್ತಿ ಗುಡಿಸಿಬಿಡಿ. ಕಾಬಾಳೆಯನ್ನು ಹೂ ಮುಗಿದ ಮೇಲೆ ಕೊಯ್ದು ಹೊರಗೆ ಹಾಕಿ. ಅಲ್ಲೇ ಬಿಟ್ಟರೆ ಗಿಡ ಎಳೆದುಕೊಂಡದ್ದೆಲ್ಲ ಮತ್ತೆ ನೀರಿಗೇ ಸೇರುತ್ತದೆ.

ಇನ್ನೊಂದು ವಿಷಯ. ನಿಮ್ಮದು ನಿಜವಾಗಿ ಸೆಪ್ಟಿಕ್ ಟ್ಯಾಂಕೇ ಎಂಬುದನ್ನು ಮುಚ್ಚಳ ತೆಗೆಸಿ ನೋಡಿ. ಹಳ್ಳಿಗಳಲ್ಲಿ ತಳವೇ ಇಲ್ಲದ ಗುಂಡಿಗೂ ಇದೇ ಹೆಸರು ನಡೆಯುತ್ತದೆ. ತಳ ಗಟ್ಟಿಯಿದೆಯೇ, ನಡುವೆ ಗೋಡೆಯಿಟ್ಟು ಎರಡು ಕೋಣೆ ಮಾಡಿದ್ದಾರೆಯೇ, ಹೊರಕೊಳವೆಗೆ ಟಿ ಆಕಾರದ ಜೋಡಣೆ ಇದೆಯೇ ಎಂಬ ಮೂರನ್ನೂ ನೋಡಬೇಕು. ಹೂಳನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸದ ಟ್ಯಾಂಕಿನ ಮುಂದೆ ಎಂಥ ಹಾಸು ಕಟ್ಟಿದರೂ ಉಳಿಯುವುದಿಲ್ಲ. ಆದರೆ ಮನುಷ್ಯರನ್ನು ಒಳಗಿಳಿಸುವ ಮಾತೇ ಬೇಡ. ಅದು ಕಾನೂನಿಗೂ ವಿರುದ್ಧ, ಒಳಗಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಹೀರುವ ಯಂತ್ರದ ಟ್ಯಾಂಕರನ್ನೇ ಕರೆಸಿ.

ಮರುಪ್ರಶ್ನೆ: ತೋಟದಮನೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಟ್ಯಾಂಕಿನ ಹೂಳು ತೆಗೆಸಿ ನೋಡಿದೆವು. ತಳಕ್ಕೆ ಕಾಂಕ್ರೀಟ್ ಇದೆ, ಗೋಡೆಗಳೂ ಗಟ್ಟಿಯಾಗಿವೆ, ಆದರೆ ಒಳಗೆ ಒಂದೇ ಕೋಣೆ. ಹೊರಕೊಳವೆಗೆ ಟಿ ಜೋಡಣೆ ಇಲ್ಲ. ಮೇಲೆ ತೇಲುವ ಕೆನೆಯೆಲ್ಲ ಇಷ್ಟು ವರ್ಷ ನೇರವಾಗಿ ಇಂಗುಗುಂಡಿಗೆ ಹೋಗುತ್ತಿತ್ತು ಎಂಬುದು ಈಗ ಅರ್ಥವಾಗುತ್ತಿದೆ. ಬಾವಿಯಿಂದ ದೂರದ, ತೋಟದ ಪಡುವಣ ಮಗ್ಗುಲಿಗೆ ಹಾಸು ಮಾಡಲು ಸಮತಟ್ಟಾದ ಜಾಗವಿದೆ. ಅಲ್ಲಿಂದ ಹೊರಬರುವ ನೀರನ್ನು ಅಡಿಕೆ ಮರಗಳಿಗೆ ಬಿಡಬಹುದೇ? ಅಡಿಕೆಯ ಸಾಲಿನ ನಡುವೆ ಏಲಕ್ಕಿ, ಬಾಳೆ ಮತ್ತು ಮರಕ್ಕೆ ಹಬ್ಬಿಸಿದ ಕಾಳುಮೆಣಸು ಇವೆ.

ಉತ್ತರ: ಜಲಮಾರ್ಗ

ಟ್ಯಾಂಕಿನ ತಳ ಗಟ್ಟಿಯಿರುವುದು ಒಳ್ಳೆಯ ಸುದ್ದಿ. ಹೊಸ ಟ್ಯಾಂಕ್ ಬೇಕಾಗಿಲ್ಲ. ಹೊರಕೊಳವೆಗೆ ಟಿ ಜೋಡಣೆ ಹಾಕಿಸಿ, ಅದರ ಕೆಳತುದಿ ನೀರಿನೊಳಗೆ ಮೂವತ್ತು ನಲವತ್ತು ಸೆಂಟಿಮೀಟರ್ ಮುಳುಗಿರಲಿ. ಟ್ಯಾಂಕಿನ ನಂತರ, ಹಾಸಿಗಿಂತ ಮೊದಲು, ಎರಡನೆಯ ಕೋಣೆಯಾಗಿ ಕೆಲಸ ಮಾಡುವ ಒಂದು ಚಿಕ್ಕ ತೊಟ್ಟಿಯನ್ನು ಹೊರಗಿನಿಂದಲೇ ಕಟ್ಟಿಸಿ. ಈ ತೊಟ್ಟಿಗೆ ಸುಲಭವಾಗಿ ತೆಗೆಯಬಹುದಾದ ಮುಚ್ಚಳವಿದ್ದರೆ ಹಾಸಿಗೆ ಹೋಗುವ ನೀರು ಹೇಗಿದೆ ಎಂದು ಯಾವಾಗ ಬೇಕಾದರೂ ನೋಡಬಹುದು. ಹಳೆಯ ಇಂಗುಗುಂಡಿಯ ಸಂಪರ್ಕವನ್ನು ಪೂರ್ತಿಯಾಗಿ ಕಡಿದು ಮಣ್ಣು ತುಂಬಿಸಿ. ಹಾಸು ತುಂಬಿದಾಗ ಇರಲಿ ಎಂದು ಅದಕ್ಕೊಂದು ಕೊಳವೆಯನ್ನು ಉಳಿಸಿಕೊಂಡರೆ ಬಾವಿಯ ತೊಂದರೆ ಹಾಗೆಯೇ ಉಳಿಯುತ್ತದೆ.

ಅಡಿಕೆಗೆ ಬಿಡಬಹುದು. ಆದರೆ ಕಣ್ಣಿಗೆ ತಿಳಿಯಾಗಿ ಕಾಣುವ, ವಾಸನೆಯಿಲ್ಲದ ಈ ನೀರು ರೋಗಾಣುಗಳಿಂದ ಮುಕ್ತವಾದದ್ದಲ್ಲ ಎಂಬುದು ಮನೆಯ ಎಲ್ಲರಿಗೂ, ತೋಟದ ಕೆಲಸಕ್ಕೆ ಬರುವವರಿಗೂ ತಿಳಿದಿರಬೇಕು. ಒಂದು ಹಾಸಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿಗೆ, ಚೆನ್ನಾಗಿ ನಡೆದರೆ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಳಬರುವ ನೀರಿನಲ್ಲಿ ಅದು 100 ಮಿಲಿಲೀಟರಿಗೆ ಲಕ್ಷಗಟ್ಟಲೆ ಇರುವಾಗ ಉಳಿದ ನೂರನೆಯ ಒಂದು ಪಾಲೂ ಸಣ್ಣದಲ್ಲ. ಜಂತುಹುಳುವಿನ ಮೊಟ್ಟೆಗಳು ದಪ್ಪವಾಗಿರುವುದರಿಂದ ಹೆಚ್ಚಾಗಿ ಜಲ್ಲಿಯಲ್ಲೇ ಸಿಕ್ಕಿಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಸಂಸ್ಕರಣೆಯೊಂದನ್ನೇ ನಂಬದೆ, ಯಾವ ಬೆಳೆ, ನೀರನ್ನು ಹೇಗೆ ಬಿಡುತ್ತಾರೆ, ಯಾರ ಕೈಗೆ ತಗಲುತ್ತದೆ ಎಂಬ ಹಲವು ತಡೆಗಳನ್ನು ಒಟ್ಟಿಗೆ ನೋಡುತ್ತದೆ.

ನಿಮ್ಮ ತೋಟಕ್ಕೆ ಇದನ್ನು ಅನ್ವಯಿಸಿ ಹೇಳುವುದಾದರೆ, ಸ್ಪ್ರಿಂಕ್ಲರಿಗೆ ಈ ನೀರನ್ನು ಎಂದಿಗೂ ಸೇರಿಸಬೇಡಿ. ಹನಿ ಸಿಡಿದರೆ ಕಾಳುಮೆಣಸಿನ ಗೊಂಚಲಿಗೂ, ನೆಲದ ಹತ್ತಿರವೇ ಕಾಯಿ ಬಿಡುವ ಏಲಕ್ಕಿಗೂ ತಗಲುತ್ತದೆ. ಏಲಕ್ಕಿ ಇಲ್ಲದ ಸಾಲನ್ನು ಆರಿಸಿ, ಅಡಿಕೆ ಮರದಿಂದ ಸ್ವಲ್ಪ ದೂರಕ್ಕೆ ಮೊಣಕೈ ಆಳದ ತೋಡು ತೆಗೆದು, ತೂತು ಕೊರೆದ ಕೊಳವೆಯನ್ನು ಜಲ್ಲಿಯ ನಡುವೆ ಮಲಗಿಸಿ ಮೇಲೆ ಮಣ್ಣು ಮುಚ್ಚಿ. ಉದುರಿದ ಗೋಟಡಿಕೆಯನ್ನು ನೆಲದಿಂದ ಬರಿಗೈಯಲ್ಲಿ ಹೆಕ್ಕುವ ರೂಢಿ ನಿಮ್ಮಲ್ಲಿರುವುದರಿಂದ ನೀರು ನೆಲದ ಮೇಲೆ ಹರಿಯಲೇಬಾರದು. ನವೆಂಬರಿನಿಂದ ಮೇ ತಿಂಗಳವರೆಗೆ ಈ ನೀರು ತೋಟಕ್ಕೆ ಉಪಕಾರಿ. ಸಾರಜನಕವೂ ಇರುವುದರಿಂದ ಆ ಸಾಲಿನ ಗೊಬ್ಬರವನ್ನು ಸ್ವಲ್ಪ ಕಡಿಮೆ ಮಾಡಬಹುದು. ಜೂನ್ ತಿಂಗಳಿನಿಂದ ತೋಟಕ್ಕೆ ನೀರೇ ಬೇಡವಾಗುವಾಗ ಅದನ್ನು ಬಸಿಗಾಲುವೆಗೆ ಬಿಟ್ಟರೆ ಕೆಳಗಿನ ಹಳ್ಳಕ್ಕೆ, ಅಲ್ಲಿಂದ ಕೆಳಗಿನ ಮನೆಯವರ ಬಾವಿಗೆ ಹೋಗಬಹುದು. ಹೊರಕೊಳವೆಗೆ ಎರಡು ದಾರಿಯ ವಾಲ್ವ್ ಇಟ್ಟು, ಮಳೆಗಾಲದ ನೀರಿಗೆಂದು ಬಾವಿಗಳಿಲ್ಲದ ಮಗ್ಗುಲಿನ ಎತ್ತರದ ಏರಿಯಲ್ಲಿ ಮಣ್ಣು ತುಂಬಿ ಬಾಳೆ ನೆಟ್ಟ ಇನ್ನೊಂದು ಪಾತಿಯನ್ನು ಮಾಡಿ. ಜಾಗ ಗೊತ್ತುಮಾಡುವ ಮೊದಲು ಕೆಳಗಿನ ಮನೆಯವರೊಡನೆ ಒಮ್ಮೆ ಕುಳಿತು ಮಾತನಾಡಿ, ಅವರ ಬಾವಿ ಎಲ್ಲಿದೆ, ಮಳೆಗಾಲದಲ್ಲಿ ಅದರ ನೀರು ಎಷ್ಟು ಮೇಲಕ್ಕೆ ಬರುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ, ಆಮೇಲೆ ಪಾತಿಯ ಗುರುತು ಹಾಕಿ.